ನಾಲ್ಕು ಹೆಜ್ಜೆ ಅಂದರೆ ಎಂಥ ಹೆಜ್ಜೆ?

ಪತ್ರ: ಇಂಗ್ಲೆಂಡಿನ ಹಳೆಯ ಕುಣಿತಗಳ ಲೇಖನದಲ್ಲಿ ‘300 ವರ್ಷದ ಹಿಂದೆ ಕುಣಿದಂತೆಯೇ ಇಂದೂ ಕುಣಿಯುತ್ತಾರೆ’ ಎಂದು ಬರೆದಿದ್ದೀರಿ. ಆಗ ವಿಡಿಯೊ ಇತ್ತೇ? ನಮ್ಮೂರ ಕೋಲಾಟದ ಎಷ್ಟೋ ಹೆಜ್ಜೆಗಳು ಅಜ್ಜನ ಜೊತೆಗೇ ಹೋದವು. ಅವರಿಗೆ ಮಾತ್ರ ಹೇಗೆ ಉಳಿಯಿತು?
– ಶಿವಮೊಗ್ಗ ಜಿಲ್ಲೆಯ ಒಬ್ಬ ಓದುಗರು

ಉತ್ತರ: ನೀವು ಹಿಡಿದದ್ದು ಸರಿ. ಲೇಖಕರು ‘ಸುಮಾರಾಗಿ’ ಎಂಬ ಪದ ಹಾಕಿದ್ದರು. ಜಾಗ ಸಾಲದೆ ನಾನೇ ಅದನ್ನು ಹೊಡೆದು ಹಾಕಿದೆ. ಆ ಒಂದು ಪದಕ್ಕಾಗಿ ಈಗ ಇಷ್ಟುದ್ದ ಬರೆಯಬೇಕಾಗಿದೆ ನೋಡಿ.

ಅವರಿಗೆ ಉಳಿದದ್ದು ಪುಸ್ತಕ. ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ 1651ರಲ್ಲಿ ‘ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ ಅಚ್ಚು ಹಾಕಿಸಿದ. ಅದರಲ್ಲಿ 105 ಕುಣಿತ. ಪ್ರತಿಯೊಂದಕ್ಕೂ ಒಂದು ಟ್ಯೂನ್, ಕೆಳಗೆ ಕೆಲವೇ ಸಾಲು ಸೂಚನೆ. ಉದಾಹರಣೆಗೆ, ಎಲ್ಲರೂ ಒಂದು ‘ಡಬಲ್’ ಮುಂದೆ ಹೋಗಿ ಹಿಂದೆ ಬನ್ನಿ, ಮತ್ತೆ ಅದೇ. ಡಬಲ್ ಅಂದರೆ ನಾಲ್ಕು ಹೆಜ್ಜೆ, ಕೊನೆಗೆ ಪಾದ ಕೂಡಿಸಬೇಕು. ಅವನು ಹೇಳುವುದು ಅಷ್ಟೇ. ಹಿಮ್ಮಡಿ ಊರಬೇಕೋ, ತುದಿಗಾಲೋ? ನಡೆಯಬೇಕೋ, ಪುಟಿಯಬೇಕೋ? ಕೈ ಎಲ್ಲಿ? ಒಂದೂ ಇಲ್ಲ. ಕೊಂಡವರಿಗೆ ಅದೆಲ್ಲ ಗೊತ್ತಿತ್ತು, ಮರೆತರೆ ನೋಡಿಕೊಳ್ಳಲು ಒಂದು ಚೀಟಿ ಬೇಕಿತ್ತು. ಅಜ್ಜಿಯ ಅಡುಗೆ ನೋಟ್‌ಬುಕ್ಕಿನಲ್ಲಿ ‘ರುಚಿಗೆ ಉಪ್ಪು’ ಎಂದಿರುತ್ತದಲ್ಲ, ಹಾಗೆ.

ಇಲ್ಲಿ ಟ್ಯೂನ್ ಕೈಹಿಡಿಯುತ್ತದೆ. ಮುಂದೆ ನಾಲ್ಕು, ಹಿಂದೆ ನಾಲ್ಕು, ಮತ್ತೆ ಅದೇ: ಒಟ್ಟು 16 ಹೆಜ್ಜೆ. ಟ್ಯೂನಿನ ಆ ಭಾಗ ಎರಡು ಸಲ ಮುಗಿಯುವಾಗ ಹೆಜ್ಜೆಯೂ ಮುಗಿದರೆ ಓದಿದ್ದು ಸರಿ ಇರಬಹುದು. ನಾಲ್ಕು ಹೆಜ್ಜೆ ಮಿಕ್ಕರೆ ನಾವು ತಪ್ಪಿದ್ದೇವೆ, ಇಲ್ಲವೇ ಅಚ್ಚಿನವನು ತಪ್ಪಿದ್ದಾನೆ. ಇದು ಕುರ್ಚಿಯಲ್ಲಿ ಕೂತು ಮುಗಿಯುವ ಸಂಶೋಧನೆ ಅಲ್ಲ. ಆರೆಂಟು ಜನ ಎದ್ದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೇ ಕಂಡುಕೊಳ್ಳಬೇಕು. ಅಂದಿನ ಉಡುಪು, ಅಂದಿನಂಥ ಶೂ ಹಾಕಿ ನೋಡುವವರೂ ಇದ್ದಾರೆ. ಬಿಗಿ ರವಿಕೆಯಲ್ಲಿ ತೋಳು ಎಷ್ಟು ಏಳುತ್ತದೆ ಅನ್ನೋದು ತೊಟ್ಟರೇ ಗೊತ್ತಾಗೋದು.

ಫ್ರಾನ್ಸಿನವರು ಇನ್ನೂ ಜಾಸ್ತಿ ಬರೆದಿಟ್ಟರು. 1589ರಲ್ಲಿ ಒಬ್ಬ ಪಾದ್ರಿ ತನ್ನ ಹೆಸರಿನ ಅಕ್ಷರಗಳನ್ನೇ ಕಲೆಸಿ, ತ್ವಾನೋ ಆರ್ಬೋ ಎಂಬ ಹೆಸರಿನಲ್ಲಿ ಪುಸ್ತಕ ತಂದ. ಅದರಲ್ಲಿ ಸ್ವರದ ಪಕ್ಕದಲ್ಲೇ ಹೆಜ್ಜೆಯ ಹೆಸರಿದೆ. 1700ರಲ್ಲಿ ಪ್ಯಾರಿಸ್ಸಿನ ನೃತ್ಯಗುರು ಫೊಯೆ, ಮೇಲಿನಿಂದ ನೋಡಿದಂತೆ ಕುಣಿಯುವವರ ದಾರಿಯನ್ನು ರಂಗೋಲಿ ಎಳೆಯ ಹಾಗೆ ಬರೆದು, ಅದರ ಮೇಲೆ ಹೆಜ್ಜೆಯ ಗುರುತು ಹಾಕುವ ಕ್ರಮವನ್ನೇ ಅಚ್ಚು ಮಾಡಿದ.

ಪ್ಲೇಫರ್ಡನ ಕುಣಿತಗಳನ್ನು ಮತ್ತೆ ಜನರ ಕಾಲಿಗೆ ತಂದದ್ದು ಇಂಗ್ಲೆಂಡಿನ ಜನಪದ ಹಾಡು, ಕುಣಿತಗಳ ಸಂಗ್ರಾಹಕ ಸೆಸಿಲ್ ಶಾರ್ಪ್, 1911ರ ಹೊತ್ತಿಗೆ. ಪುಸ್ತಕ ಸುಮ್ಮನಿದ್ದ ಕಡೆ ತನ್ನ ಕಾಲದ ಹಳ್ಳಿ ಕುಣಿತಗಳನ್ನು ನೋಡಿ ತುಂಬಿಕೊಂಡ. ಇಂದು ‘ಪ್ಲೇಫರ್ಡ್’ ಎಂದು ಕುಣಿಯುವುದರಲ್ಲಿ ಶಾರ್ಪನ ಪಾಲೂ ಇದೆ. ನಾನು ಹೊಡೆದ ‘ಸುಮಾರಾಗಿ’ಯಲ್ಲಿ ಇದ್ದದ್ದು ಇದೇ.

ಟೀವಿಯವರು ಇನ್ನೂ ಧಾರಾಳ. 1995ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಧಾರಾವಾಹಿಯಲ್ಲಿ ನಾಯಕ ನಾಯಕಿ ಬಿಗುಮಾನದಿಂದ ಕುಣಿಯುವುದು ‘ಮಿಸ್ಟರ್ ಬೆವರಿಜಸ್ ಮ್ಯಾಗಟ್’. ಅದು ಅಚ್ಚಾದದ್ದು 1695ರಲ್ಲಿ, ಧಾರಾವಾಹಿಗೆ ಮೂಲವಾದ ಜೇನ್ ಆಸ್ಟಿನ್ ಕಾದಂಬರಿ ಬಂದದ್ದು 1813ರಲ್ಲಿ. ಮುತ್ತಜ್ಜಿ ಕಾಲದ ಕುಣಿತ! ಅಂದಹಾಗೆ, ಮ್ಯಾಗಟ್ ಅಂದರೆ ಹುಳ. ಆಗಿನ ಇಂಗ್ಲಿಷಿನಲ್ಲಿ ತಲೆಗೆ ಹೊಕ್ಕ ಹುಚ್ಚು ಖಯಾಲಿಗೂ ಅದೇ ಪದ. ನಾವೂ ತಲೆಗೆ ಹುಳ ಬಿಡುತ್ತೇವೆ, ಅಲ್ವಾ?

ನಿಮ್ಮ ಕೋಲಾಟಕ್ಕೆ ಬರೋಣ. ಹಂಪಿಯ ಮಹಾನವಮಿ ದಿಬ್ಬದಲ್ಲಿ ಕೋಲು ಹಿಡಿದ ಹೆಂಗಸರನ್ನು ಕೆತ್ತಿದ್ದಾರೆ. ಮುಂದಿನ ಹೆಜ್ಜೆ ಯಾವುದೆಂದು ಕಲ್ಲು ಹೇಳುವುದಿಲ್ಲ. ಅಜ್ಜನ ಜೊತೆ ಆಡಿದವರು ಊರಲ್ಲಿ ಇನ್ನೂ ಯಾರಾದರೂ ಇದ್ದರೆ ಆಡಿಸಿ, ಮೊಬೈಲಿನಲ್ಲಿ ಹಿಡಿಯಿರಿ. ಮುಖ ತಪ್ಪಿದರೂ ಪರವಾಗಿಲ್ಲ, ಪಾದ ಕಾಣಬೇಕು. ಒಂದು ಸಲ ಮಹಡಿ ಹತ್ತಿ ಮೇಲಿನಿಂದಲೂ ತೆಗೆಯಿರಿ. ಹೆಜ್ಜೆಗಳಿಗೆ ಅವರು ಹೇಳುವ ಹೆಸರು ಬರೆದು ಕಳಿಸಿ. ಈ ಸಲ ಒಂದು ಪದವನ್ನೂ ಹೊಡೆಯುವುದಿಲ್ಲ.