ಸಾವು ಕಡಿಮೆ ಅಂದರೆ ಒಳ್ಳೆ ಆಸ್ಪತ್ರೆಯಾ?

ಪ್ರಶ್ನೆ: ಅಪ್ಪನಿಗೆ ಬೈಪಾಸ್ ಆಗಬೇಕು. ಒಂದು ಆಸ್ಪತ್ರೆಯಲ್ಲಿ ಸಾವು ತುಂಬಾ ಕಡಿಮೆಯಂತೆ. ನಂಬಬಹುದಾ?

ಉತ್ತರ: ಆ ಒಂದೇ ಸಂಖ್ಯೆ ಸಾಲದು. ಕಷ್ಟದ ಕೇಸುಗಳನ್ನು ಬೇರೆ ಕಡೆ ಕಳಿಸಿಬಿಟ್ಟರೆ ಯಾರ ಲೆಕ್ಕವೂ ಚೆನ್ನಾಗೇ ಕಾಣುತ್ತದೆ, ಅಲ್ವಾ? ಅಮೆರಿಕದ ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ರೋಗಿಗಳ ವಯಸ್ಸು, ಹೃದಯದ ಪಂಪಿಂಗ್ ಶಕ್ತಿ, ಬೇರೆ ಕಾಯಿಲೆಗಳನ್ನೆಲ್ಲ ದಾಖಲಿಸಿ, ಇಂಥವರಲ್ಲಿ ನಿರೀಕ್ಷಿಸಬಹುದಾದ ಸಾವೆಷ್ಟು, ನಿಜಕ್ಕೂ ಆಗಿದ್ದೆಷ್ಟು ಅಂತ ಹೋಲಿಸುತ್ತಾ ಬಂತು. ಅಲ್ಲಿನ ಆಲ್ಬನಿ ನಗರದ ಒಂದು ಆಸ್ಪತ್ರೆ ತನ್ನ ಲೆಕ್ಕ ಕೆದಕಿದಾಗ ತೊಂದರೆ ತುರ್ತು ಆಪರೇಷನ್ನುಗಳಲ್ಲಿ ಸಿಕ್ಕಿತು. 1992ರಲ್ಲಿ 42 ತುರ್ತು ರೋಗಿಗಳಲ್ಲಿ 11 ಜನ ತೀರಿಕೊಂಡಿದ್ದರು. ಮೊದಲು ರೋಗಿಯ ಸ್ಥಿತಿ ಹತೋಟಿಗೆ ತಂದು, ಆಮೇಲೆ ಥಿಯೇಟರಿಗೆ ಒಯ್ಯತೊಡಗಿದರು. ಮರುವರ್ಷ 54 ಜನರಲ್ಲಿ ಒಬ್ಬರೂ ಸಾಯಲಿಲ್ಲ! ನೀವು ಸರ್ಜನ್ ಹತ್ತಿರ ಸಂಕೋಚವಿಲ್ಲದೆ ಕೇಳಿ: ಅಪ್ಪನ ವಯಸ್ಸಿನ, ಇದೇ ತೊಂದರೆಯ ಎಷ್ಟು ಜನಕ್ಕೆ ಮಾಡಿದ್ದೀರಿ, ಅವರೆಲ್ಲ ಹೇಗಿದ್ದಾರೆ?