ಸೋಯಾಬೀನ್ ಎಲೆ ಹಳದಿಯಾದಾಗ ಯಾರ ಮಾತು ಕೇಳಬೇಕು?

ಪ್ರಶ್ನೆ: ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಎರೆ ಭೂಮಿಯಲ್ಲಿ ಸೋಯಾಬೀನ್ ಬಿತ್ತಿದ್ದೇನೆ. ಬೆಳೆಗೆ ಈಗ 30 ದಿನ. ಜೋರು ಮಳೆಯಾದ ಮೇಲೆ ಎಲೆಗಳು ಹಳದಿಯಾಗುತ್ತಿವೆ. ಅಂಗಡಿಯವರು ಮೂರು ಔಷಧ ಬೆರೆಸಿ ಹೊಡೆಯಿರಿ ಎನ್ನುತ್ತಾರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯೂರಿಯಾ ಹಾಕಿ ಎನ್ನುತ್ತಾರೆ, ನಂಜಾಣು ರೋಗ ಬಂದಿದೆ, ಗಿಡ ಕಿತ್ತುಹಾಕಿ ಎನ್ನುವವರೂ ಇದ್ದಾರೆ. ಯಾರನ್ನು ನಂಬಲಿ?

ಉತ್ತರ: ಈ ಮೂರೂ ಸಲಹೆಗಳು ಯಾರದೋ ಹೊಲಕ್ಕೆ ಸರಿಯಿರಬಹುದು. ನಿಮ್ಮ ಹೊಲಕ್ಕೆ ಸರಿಯೇ ಎಂದು ಹೇಳಬೇಕಾದರೆ ಮೊದಲು ಹಳದಿಯಾದದ್ದು ಯಾವ ಎಲೆ ಎಂಬುದು ತಿಳಿಯಬೇಕು. ಅದನ್ನು ಕೇಳದೆ ಔಷಧದ ಹೆಸರು ಹೇಳುವವರು ಅಂಗಡಿಯವರಿರಲಿ, ಓದಿದವರಿರಲಿ, ಅವರ ಮಾತನ್ನು ಸ್ವಲ್ಪ ಬದಿಗಿಡಿ.

ತುದಿಯ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುತೇಕ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಮಳೆನೀರು ನಿಂತಾಗ, ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನೀರು ಬಸಿದು ಮಣ್ಣು ಆರಿದ ಮೇಲೆ ಎಷ್ಟೋ ಹೊಲಗಳಲ್ಲಿ ಬೆಳೆ ತಾನಾಗಿಯೇ ಹಸಿರಿಗೆ ತಿರುಗುವುದರಿಂದ ಮೊದಲು ಬಸಿಗಾಲುವೆ ತೆಗೆಯಿರಿ. ಆಮೇಲೂ ಹಳದಿ ಉಳಿದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಿಂಪಡಿಸಬಹುದು. ಇದಕ್ಕೆ ಬೇರೆ ಯಾವ ಔಷಧವನ್ನೂ ಬೆರೆಸಬೇಡಿ.

ಕೆಳಗಿನ ಹಳೆಯ ಎಲೆಗಳು ಒಂದೇ ಸಮನೆ ಮಂಕು ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ಆದರೆ ಯೂರಿಯಾ ಚೀಲ ಬಿಚ್ಚುವ ಮೊದಲು ಒಂದು ಗಿಡವನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ, ಬೇರನ್ನು ನೀರಿನಲ್ಲಿ ಅದ್ದಿ ತೊಳೆದು ನೋಡಿ. ಕೈಯಿಂದ ಎಳೆದರೆ ಬೇರಿನ ಗಂಟುಗಳು ಮಣ್ಣಿನಲ್ಲೇ ಕಳಚಿಕೊಳ್ಳುತ್ತವೆ, ಗಂಟೇ ಇಲ್ಲವೆಂದು ನೀವು ಮೋಸಹೋಗುತ್ತೀರಿ. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಕಂಡರೆ ಗಂಟಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದರ್ಥ, ಆಗ ಯೂರಿಯಾ ಸುರಿಯುವುದು ಆ ಕೆಲಸಕ್ಕೇ ಅಡ್ಡಿ. ಗಂಟು ತೀರಾ ಕಡಿಮೆಯಿದ್ದು ಒಳಗೆ ಬಿಳುಪಾಗಿದ್ದರೆ ಮಾತ್ರ ಮೇಲುಗೊಬ್ಬರದ ಮಾತು ಎತ್ತಬಹುದು.

ಎಲೆಯ ಮೇಲೆ ಹಳದಿ ಮತ್ತು ಹಸಿರು ತೇಪೆಗಳು ಅಡ್ಡಾದಿಡ್ಡಿಯಾಗಿ ಕಲೆತು, ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಮಾತ್ರ ಕಂಡರೆ ಅದು ಬಿಳಿನೊಣ ಹರಡುವ ಹಳದಿ ನಂಜಾಣು ರೋಗ. ರೋಗ ತಗುಲಿದ ಗಿಡವನ್ನು ಯಾವ ಸಿಂಪರಣೆಯೂ ಗುಣಪಡಿಸುವುದಿಲ್ಲ. ಅಂಥ ಗಿಡಗಳನ್ನು ಆರಂಭದಲ್ಲೇ ಕಿತ್ತು ಹೂಳಿ, ಉಳಿದ ಬೆಳೆಯಲ್ಲಿ ಬಿಳಿನೊಣವನ್ನು ಹತೋಟಿಯಲ್ಲಿಡಬೇಕು.

ಅಂಗಡಿಯವರ ಬಗ್ಗೆ ನನಗೆ ಸಿಟ್ಟಿಲ್ಲ, ಬಿತ್ತನೆಯ ದಿನಗಳಲ್ಲಿ ಹಳ್ಳಿಗೆ ಹತ್ತಿರ ಸಿಗುವವರು ಅವರೇ. ಆದರೂ ಡಬ್ಬಿಯ ಚೀಟಿಯಲ್ಲಿ ಸೋಯಾಬೀನ್ ಎಂಬ ಹೆಸರಿದೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಕೊಳ್ಳಬೇಡಿ. ಕೊಂಡದ್ದಕ್ಕೆ ರಸೀದಿ ಪಡೆಯಿರಿ.

ಸಲಹೆಗೂ ಊರು ಇರುತ್ತದೆ ಎಂಬುದನ್ನು ನಮ್ಮ ರೈತರು ಮರೆಯುತ್ತಾರೆ. ಬೆಳಗಾವಿ, ಧಾರವಾಡದ ಕಡೆ ತುಕ್ಕು ರೋಗದ ಕಾಟವಿರುವುದರಿಂದ ಅದನ್ನು ತಡೆದುಕೊಳ್ಳುವ ಡಿಎಸ್‌ಬಿ-21 ತಳಿಯನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿತು. ಇಂದೋರ್‌ನ ಸೋಯಾಬೀನ್ ಸಂಶೋಧನಾ ಸಂಸ್ಥೆಯ ಸಲಹೆಗಳು ಒಳ್ಳೆಯವೇ, ಆದರೆ ಇಂದೋರ್ ಇರುವ ಮಾಳವದ ಮಳೆ, ಮಣ್ಣು ಬೇರೆ. ಬೀದರ್ ಜಿಲ್ಲೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವುದರಿಂದ ನಿಮಗೆ ಅವರ ಶಿಫಾರಸೇ ಮೊದಲು. ಅದನ್ನು ಬೀದರ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ, ಆದರೆ ಫೋನಿನಲ್ಲಿ ಎಲೆ ಕಾಣುವುದಿಲ್ಲ.

ಹಾಗಾಗಿ ಕೇಂದ್ರಕ್ಕೆ ಹೋಗುವಾಗ ಹಳದಿಯಾದ ಎರಡು ಗಿಡ, ಅದೇ ಹೊಲದ ಹಸಿರಾದ ಎರಡು ಗಿಡಗಳನ್ನು ಬೇರು, ಮಣ್ಣು ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ಯಿರಿ. ಯಾವ ತಳಿ, ಬಿತ್ತಿದ ತಾರೀಖು, ಹಾಕಿದ ಗೊಬ್ಬರ, ಬಳಸಿದ ಕಳೆನಾಶಕ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಿಡ ನೋಡುವ ಮೊದಲು ಆ ಚೀಟಿಯನ್ನು ಕೇಳುವವರು ಸಿಕ್ಕರೆ ಮುಂದಿನ ಹಂಗಾಮಿಗೂ ಅವರನ್ನೇ ಕೇಳಬಹುದು.