ಸಂಪಾದಕರ ಉತ್ತರ: ಕೆರೆಯ ಪುಸ್ತಕ ಎಲ್ಲಿಡೋಣ?

(ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: "ಏಳನೇ ತರಗತಿಯ 22 ಮಕ್ಕಳು ಎರಡು ತಿಂಗಳು ಓಡಾಡಿ ನಮ್ಮೂರ ಕೆರೆಯ ಬಗ್ಗೆ ಪ್ರಾಜೆಕ್ಟ್ ಮಾಡಿದರು. ನಕ್ಷೆ, ಚಿತ್ರ, ಹಿರಿಯರ ಮಾತು ಎಲ್ಲ ಇದೆ. ಡಿಟಿಪಿ ಮಾಡಿಸಿ, 48 ಪುಟದ ಪಿಡಿಎಫ್ ಅನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು ಬಂದವು, ಓದಿದವರು ಮಾತ್ರ ಯಾರೂ ಇಲ್ಲ. ಇಂಟರ್‌ನೆಟ್‌ನಲ್ಲಿ ಹಾಕಲು ಯಾವ ತಾಣ ಒಳ್ಳೆಯದು? ಸ್ಟೋರಿವೀವರ್‌ನಲ್ಲಿ ಹಾಕಬಹುದೇ? ಮಕ್ಕಳ ಫೋಟೊ ಬೇಡವೇ ಬೇಡ ಅಂತ ಹೆಡ್‌ಮಾಸ್ಟರು, ಬೇಕೇ ಬೇಕು ಅಂತ ಪೋಷಕರು." ಹೆಸರು ಹಾಕಬೇಡಿ ಎಂದಿದ್ದಾರೆ.)

ಟೀಚರ್, ನೀವು ಕಳಿಸಿದ ನಾಲ್ಕು ಜೆರಾಕ್ಸ್ ಹಾಳೆಗಳನ್ನೂ ಪಿಡಿಎಫ್ ಅನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಹಾಳೆಯಲ್ಲಿ ಒಬ್ಬ ಹುಡುಗ ಬರೆದದ್ದು ಹೀಗಿದೆ: "ಕೆರಿ ತುಂಬಿದ್ದು ನಮ್ಮಜ್ಜ ಮೂರ ಸಲ ನೋಡ್ಯಾನಂತ." ಪಿಡಿಎಫ್‌ನಲ್ಲಿ ಅದೇ ಮಾತು: "ಕೆರೆಯು ತುಂಬಿರುವುದನ್ನು ನಮ್ಮ ತಾತನವರು ಮೂರು ಬಾರಿ ವೀಕ್ಷಿಸಿರುತ್ತಾರೆ." ಪಾಪ, ಅಜ್ಜನನ್ನು ಪಂಚನಾಮೆಗೆ ಕರೆದುಕೊಂಡು ಹೋದ ಹಾಗಿದೆ! ಯಾರೂ ಓದಲಿಲ್ಲ ಅನ್ನುವ ನಿಮ್ಮ ಬೇಸರಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಕಾಗುಣಿತ ತಿದ್ದಿ, ಮಾತನ್ನು ಹಾಗೇ ಬಿಡಿ. ಪತ್ರಿಕೆ ನಡೆಸುವವನ ಬಾಯಲ್ಲಿ ಈ ಮಾತು ತಮಾಷೆಯಾಗಿ ಕೇಳಬಹುದು. ನಾವೂ ಇದೇ ತಪ್ಪು ಮಾಡಿ ಮಾಡಿಯೇ ಕಲಿತವರು.

ಇನ್ನರ್ಧ ಪಿಡಿಎಫ್‌ನದು. ಕೈಯಗಲದ ಫೋನಿನಲ್ಲಿ ಎ4 ಪುಟವನ್ನು ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದುವ ತಾಳ್ಮೆ ಹೊಲದಿಂದ ಬಂದ ಅಪ್ಪನಿಗೆ ಎಲ್ಲಿಂದ ಬರಬೇಕು? 48 ಪುಟದಲ್ಲಿ ಅವನ ಮಗಳದು 31ನೆಯದು. ಅವಳ ಬರಹಕ್ಕೇ ಒಂದು ಪುಟ, ಅದಕ್ಕೇ ಒಂದು ಲಿಂಕ್ ಇದ್ದಿದ್ದರೆ ಒತ್ತಿ ನೋಡುತ್ತಿದ್ದ.

ಹಾಗಂತ ಡಿಟಿಪಿಯವರ ಫೈಲಿನಿಂದ ಎತ್ತಿ ತಾಣಕ್ಕೆ ಅಂಟಿಸಲು ಹೋದರೆ ಎಡವುತ್ತೀರಿ. ನಿಮ್ಮ ಪಿಡಿಎಫ್‌ನ ಒಂದು ಸಾಲನ್ನು ನಕಲಿಸಿ ನೋಡಿದೆ. ಹಳೆಯ ನುಡಿ ಫಾಂಟು, ಎಲ್ಲ ಫೋನು ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಅಲ್ಲ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಹಚ್ಚಿದಂಥದ್ದೇನೋ ಬಂತು. ಇಂಥ ಪಠ್ಯದಲ್ಲಿ ನಿಮ್ಮ ಕೆರೆಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಪಿಡಿಎಫ್ ಬಿಟ್ಟು ಮೂಲ ಫೈಲನ್ನೇ ಕೇಳಿ ಪಡೆದು, ಯೂನಿಕೋಡ್ ಪರಿವರ್ತಕಕ್ಕೆ ಕೊಡಿ. ಆಮೇಲೆ ಸಾಲು ಸಾಲೂ ಓದಿ ನೋಡಿ. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಏನೇನೋ ಮಾಡಿಟ್ಟಿರುತ್ತದೆ. ನನ್ನನ್ನು ಕೇಳಿದರೆ, ಕೈಬರಹದ ಹಾಳೆಗಳನ್ನೇ ಹಗಲ ಬೆಳಕಿನಲ್ಲಿ ಫೋಟೊ ತೆಗೆದು, ಕೆಳಗೆ ಫೋನಿನಲ್ಲೇ ಟೈಪು ಮಾಡಿದ ಪಠ್ಯ ಹಾಕಿ. ಹೊಡೆದುಹಾಕಿದ ಪದಗಳೂ ಕಾಣಲಿ.

ಈಗ ತಾಣದ ವಿಷಯ. ಸ್ಟೋರಿವೀವರ್‌ನಲ್ಲಿ ಹಾಕಬಹುದೇ ಎಂದು ಕೇಳಿದ್ದೀರಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ ಅದು, ಕನ್ನಡವೂ ಇದೆ, ಚಿತ್ರಕಥೆಗೆ ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಪ್ರಕಟವಾದದ್ದು ಮುಕ್ತ ಪರವಾನಗಿಗೆ ಸೇರುತ್ತದೆ: ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಅದು ತಪ್ಪಲ್ಲ, ಪೋಷಕರಿಗೆ ಮೊದಲೇ ತಿಳಿದಿರಬೇಕು ಅಷ್ಟೆ. ಪ್ಯಾಡ್ಲೆಟ್ ಎಂಬ ತಾಣ ನಮ್ಮ ಗೋಡೆ ಪತ್ರಿಕೆಯ ತಮ್ಮ; ಮಕ್ಕಳು ಅಂಟಿಸಿದ ಚೀಟಿ ನೀವು ಒಪ್ಪಿದ ಮೇಲೆಯೇ ಕಾಣುವಂತೆ ಮಾಡಬಹುದು, ತರಗತಿಯ ಒಂದು ವಾರದ ಕೆಲಸಕ್ಕೆ ಸಾಕು. ಬುಕ್ ಕ್ರಿಯೇಟರ್‌ನಲ್ಲಿ ಪುಟದೊಳಗೇ ಧ್ವನಿ ಸೇರಿಸಬಹುದು. ಅಜ್ಜನ ಮಾತನ್ನು ಮಕ್ಕಳು ಫೋನಿನಲ್ಲಿ ಹಿಡಿದಿದ್ದಾರೆ ಅಂದಿರಲ್ಲ, ಆಸೆ ಹುಟ್ಟುವುದು ಅಲ್ಲಿ.

ಆದರೂ ನಿಮ್ಮ ಕೆಲಸಕ್ಕೆ ನಾನು ಹೇಳುವುದು ಗೂಗಲ್ ಸೈಟ್ಸ್, ನಮ್ಮದೇ ತಾಣ ಕಟ್ಟಿಕೊಳ್ಳುವ ಸೌಲಭ್ಯ. ನೋಡಲು ಸಪ್ಪೆ. ಏರಿ, ತೂಬು, ಕೋಡಿ, ನೀರಗಂಟಿ ಎಂದು ಒಂದೊಂದಕ್ಕೆ ಪುಟ ಮಾಡಬಹುದು, ಫೋನಿನಲ್ಲಿ ಸಲೀಸಾಗಿ ತೆರೆಯುತ್ತದೆ, ಮೊದಲು ಕೆಲವರಿಗಷ್ಟೇ ತೋರಿಸಿ ಆಮೇಲೆ ಬಾಗಿಲು ತೆಗೆಯಬಹುದು. ಖಾತೆ ನಿಮ್ಮದಿರಲಿ, ಮಕ್ಕಳಿಂದ ಖಾತೆ ತೆರೆಸಬೇಡಿ. ಇನ್ನೊಂದು ಕಿವಿಮಾತು. ನಮ್ಮ ಪತ್ರಿಕೆಯ ಮಕ್ಕಳ ಪುಟಗಳನ್ನು ಕೆಲವು ವರ್ಷ ಒಂದು ಉಚಿತ ತಾಣದಲ್ಲಿ ಇಟ್ಟಿದ್ದೆವು. ಮುಚ್ಚುತ್ತೇವೆ ಎಂಬ ಮೇಲ್ ಬಂದದ್ದು ಕೆಲಸ ಬಿಟ್ಟು ಹೋಗಿದ್ದ ಸಹೋದ್ಯೋಗಿಯ ಖಾತೆಗೆ. ನಮಗೆ ಗೊತ್ತಾಗುವ ಹೊತ್ತಿಗೆ ಒಂದು ಪುಟವೂ ಉಳಿದಿರಲಿಲ್ಲ. ಜನ ತಮ್ಮ ಪುಟಗಳನ್ನು ಉಚಿತವಾಗಿ ಇಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಹೋಯಿತು, ಶಾಲೆಗಳು ಮೆಚ್ಚಿ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ತರಗತಿಗಳ ಬಾಗಿಲು ಹಾಕಿತು. ಆದ್ದರಿಂದ ಮೂಲ ಹಾಳೆಗಳು ಶಾಲೆಯ ಬೀರುವಿನಲ್ಲಿ, ಫೋಟೊ ಮತ್ತು ಧ್ವನಿ ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಪ್ರತಿ ಬೇರೆಯವರ ಮನೆಯಲ್ಲಿ.

ಫೋಟೊ ವಿಷಯದಲ್ಲಿ ನಾನು ಹೆಡ್‌ಮಾಸ್ಟರ ಕಡೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ ಅದು. ಕಾನೂನು ಬದಿಗಿರಲಿ, ಮುಖ, ಪೂರ್ತಿ ಹೆಸರು, ಶಾಲೆ, ಊರು ನಾಲ್ಕೂ ಒಂದೇ ಪುಟದಲ್ಲಿ ಯಾಕೆ? ಮೊದಲ ಹೆಸರು ಸಾಕು. ಕೆರೆ ಅಳೆಯುವ ಕೈಗಳ, ಏರಿಯ ಮೇಲೆ ಬೆನ್ನು ಮಾಡಿ ನಡೆಯುವ ಮಕ್ಕಳ ಚಿತ್ರ ಹಾಕಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಫೋಟೊದೊಳಗೇ ಕೂತಿರುತ್ತದೆ, ಆಫ್ ಮಾಡಿಸಿ. ಮುಖ ಬೇಕೆನ್ನುವ ಪೋಷಕರಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಗೋಡೆ ತುಂಬ ಮುಖ ತೋರಿಸಿ. ಒಪ್ಪಿಗೆ ಪತ್ರವನ್ನು ಪೋಷಕರ ಸಭೆಯಲ್ಲಿ ಜೋರಾಗಿ ಓದಿ ಹೇಳಿ ಸಹಿ ಪಡೆಯಿರಿ. ಮಕ್ಕಳನ್ನೂ ಕೇಳಿ, "ನಂದು ಬ್ಯಾಡ್ರಿ" ಅನ್ನುವ ಹಕ್ಕು ಅವರಿಗೂ ಇದೆ.

ಇಷ್ಟೆಲ್ಲ ಮಾಡಿದರೂ ಓದುವವರು ಯಾರು? ಫ್ರಾನ್ಸಿನ ಬಾರ್-ಸುರ್-ಲು ಎಂಬ ಹಳ್ಳಿಯಲ್ಲಿ ಸೆಲೆಸ್ತಾಂ ಫ್ರೆನೆ ಎಂಬ ಮೇಷ್ಟ್ರು 1924ರಲ್ಲಿ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ತಮ್ಮ ಬರಹಕ್ಕೆ ತಾವೇ ಅಕ್ಷರದ ಮೊಳೆ ಜೋಡಿಸಿ ಮುದ್ರಿಸಿದರು. ಆ ಹಾಳೆಗಳು ಫ್ರಾನ್ಸಿನದೇ ಇನ್ನೊಂದು ತುದಿಯ ಬ್ರಿಟನಿ ಪ್ರಾಂತ್ಯದ ಶಾಲೆಗೆ ಅಂಚೆಯಲ್ಲಿ ಹೋದವು, ಅಲ್ಲಿಯವರ ಹಾಳೆಗಳು ಇಲ್ಲಿಗೆ ಬಂದವು. ಬೆಟ್ಟದ ಮಕ್ಕಳಿಗೆ ಕಡಲ ಕಡೆಯ ಮಕ್ಕಳೇ ಓದುಗರು. ನಿಮಗೂ ಅಂಥದ್ದೊಂದು ಶಾಲೆ ಬೇಕು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಪಾಠ ಹೇಳುವ ನಿಮ್ಮ ಗೆಳತಿ ಒಬ್ಬರಾದರೂ ಇರುತ್ತಾರೆ. ಲೋಕಕ್ಕೆಲ್ಲ ತೆರೆಯುವ ಮೊದಲು ಲಿಂಕ್ ಅವರ ತರಗತಿಗೆ ಹೋಗಲಿ. ಕೆರೆಯನ್ನೇ ಕಾಣದ ಮಕ್ಕಳು "ತೂಬು ಅಂದ್ರೆ ಎಂಥದ್ದು?" ಎಂದು ಕೇಳಲಿ. ನಿಮ್ಮ ಮಕ್ಕಳು ಮತ್ತೆ ಕೆರೆಗೆ ಓಡುತ್ತಾರೆ.

ಮೊದಲ ಪ್ರಶ್ನೆ ನನ್ನದೇ ಇರಲಿ. ಮೂರನೇ ಜೆರಾಕ್ಸ್ ಹಾಳೆಯ ನಕ್ಷೆಯಲ್ಲಿ, ಕೋಡಿಯ ಬಲಕ್ಕೆ, ಒಂದು ಹುಡುಗಿ ಏನೋ ಬರೆದು ಗೀಚಿ ಅಳಿಸಿದ್ದಾಳೆ. "...ಮರ" ಎಂಬಷ್ಟು ಕಾಣುತ್ತದೆ. ಯಾವ ಮರ, ಯಾಕೆ ಅಳಿಸಿದಳು, ಕೇಳಿ ತಿಳಿಸುತ್ತೀರಾ?
— ಸಂ.